ಅಪ್ಪನ ಜೀಪು, ಅಜ್ಜಿಯ ಹುಳು

"ಲೈಟ್ ಅಲ್ಲಾಡಿಸ್ಬೇಡಮ್ಮಾ, ನೆಟ್ಟಗೆ ಹಿಡಿ!" ಜೀಪಿನ ಕೆಳಗಿನಿಂದ ಮೆಕ್ಯಾನಿಕ್ ಗೌಸ್ ಪೀರ್ ಕೂಗಿದರು.

ಮೌನಿಕಾ ಮೊಬೈಲಿನ ಟಾರ್ಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಅಂಗಳದ ಮಣ್ಣಿನಲ್ಲಿ ಬೋರಲು ಮಲಗಿದ್ದಳು. ಫ್ರಾಕಿಗೆ ಗ್ರೀಸು, ಮೂಗಿಗೂ ಗ್ರೀಸು.

"ಅಂಕಲ್, ಇಂಜಿನ್ ಬದ್ಕಿದ್ಯಾ?"

"ಬದ್ಕಿದೆ, ಬದ್ಕಿದೆ. ಕೋಮಾದಲ್ಲಿದೆ, ಅಷ್ಟೆ."

ಪಕ್ಕದಲ್ಲಿ ಸ್ಪ್ಯಾನರುಗಳನ್ನು ಒರೆಸುತ್ತಾ ಕೂತಿದ್ದ ಅಪ್ಪ ನಕ್ಕುಬಿಟ್ಟ. ಅಪ್ಪ ಹಾಗೆ ನಕ್ಕಿದ್ದನ್ನು ಮೌನಿಕಾ ನೋಡಿ ಎಷ್ಟೋ ದಿನವಾಗಿತ್ತು.

ಜೀಪು ಅಂದ ಕೂಡಲೇ ಸಿನಿಮಾದಲ್ಲಿ ಬರುವಂಥ ಹೊಳೆಯುವ ಗಾಡಿ ಅಂದುಕೊಳ್ಳಬೇಡಿ ಮತ್ತೆ. ಇದಕ್ಕೆ ಬಾಗಿಲಿಲ್ಲ. ಒಂದು ಹೆಡ್‌ಲೈಟಿಲ್ಲ. ಕಾಲಿಡುವ ಜಾಗದ ತಗಡಿನಲ್ಲಿ ಕಾಲೇ ತೂರುವಷ್ಟು ದೊಡ್ಡ ತೂತು. ವಯಸ್ಸಿನಲ್ಲಿ ಅಪ್ಪನಿಗಿಂತ ಎರಡು ವರ್ಷ ದೊಡ್ಡದು. ಅಂಬಾಜಿದುರ್ಗದ ಹತ್ತಿರ ಟೊಮೆಟೊ ಬೆಳೆಯುವವರೊಬ್ಬರ ತೋಟದಲ್ಲಿ, ಹುಣಸೆ ಮರದ ಕೆಳಗೆ, ಆರು ವರ್ಷದಿಂದ ಅಲ್ಲಾಡದೆ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಅಪ್ಪನ ಹೆಸರು ಸುನೀಲ್‌ಕುಮಾರ್. ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಕ್ಲರ್ಕು. ಚಿಕ್ಕವನಿದ್ದಾಗ ಇಂಥದ್ದೇ ಸರ್ವೀಸ್ ಜೀಪಿನ ಹಿಂದೆ ನೇತಾಡಿಕೊಂಡು ಚಿಂತಾಮಣಿಗೆ ಸ್ಕೂಲಿಗೆ ಹೋಗುತ್ತಿದ್ದನಂತೆ. ಒಂದಲ್ಲ ಒಂದು ದಿನ ಮುಂದೆ ಕೂತು ಓಡಿಸುತ್ತೇನೆ ಅಂತ ಆಗಲೇ ತೀರ್ಮಾನ ಮಾಡಿದ್ದನಂತೆ. ಆ ಒಂದು ದಿನ ಬರುವುದಕ್ಕೆ ಮೂವತ್ತು ವರ್ಷ ಹಿಡಿಯಿತು.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದ ದಿನ ಅಜ್ಜಿ ಹೊಸಿಲ ಮೇಲೆ ನಿಂತು ತಲೆ ಮೇಲೆ ಕೈ ಹೊತ್ತಳು.

"ಅಯ್ಯೋ ದೇವುಡಾ! ಬುದ್ಧಿ ಇರೋರು ಇಂಥಾದ್ದನ್ನ ಗುಜರಿಗೆ ಹಾಕ್ತಾರೆ. ನೀನು ಗುಜರಿಯಿಂದ ಮನೆಗೆ ತಂದಿದೀಯಲ್ಲೋ! ನನ್ನ ಹುಳುಗೇನಾದ್ರೂ ತೊಂದ್ರೆ ಆದ್ರೆ ನೋಡು, ಅವತ್ತೇ ಇದನ್ನ ಆಚೆಗೆ ಕಳಿಸ್ತೀನಿ."

ಅಜ್ಜಿ ಆದಿಲಕ್ಷ್ಮಮ್ಮ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಶಿಡ್ಲಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ರೇಷ್ಮೆ ಹುಳು ಅಂದರೆ ಮನೆಯಲ್ಲಿ ಬಾಣಂತಿ ಇದ್ದ ಹಾಗೆ. ಹುಳುಮನೆಗೆ ಕಾಲು ತೊಳೆಯದೆ ಹೋಗುವಂತಿಲ್ಲ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಸೆಂಟು ಹಾಕಿಕೊಂಡ ನೆಂಟರು ಬಂದರೆ ಅಜ್ಜಿ ಅವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಅದಕ್ಕೇ ಅಪ್ಪ ಜೀಪನ್ನು ಹುಳುಮನೆಯಿಂದ ದೂರ, ಅಂಗಳದ ಆ ಮೂಲೆಯಲ್ಲಿ ನಿಲ್ಲಿಸಿದ್ದ.

ಆ ಭಾನುವಾರ ಹುಳು ನಾಲ್ಕನೇ ಜ್ವರ ದಾಟಿತ್ತು. ಜ್ವರ ಅಂದರೆ ನಮ್ಮ ಜ್ವರವಲ್ಲ. ಹುಳು ತಿನ್ನುವುದನ್ನು ಬಿಟ್ಟು ಮಲಗಿ, ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ಹಾಗನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಇನ್ನು ನಾಲ್ಕೈದು ದಿನ ತಿಂದರೆ ಗೂಡು ಕಟ್ಟುತ್ತವೆ. ಅಮ್ಮ ಮತ್ತು ಅಜ್ಜಿ ಬೆಳಗ್ಗೆಯಿಂದ ಸೊಪ್ಪು ಕೊಯ್ದು ತಂದು ಹಿಂದಿನ ಜಗಲಿಯಲ್ಲಿ ರಾಶಿ ಹಾಕಿದ್ದರು.

"ಮೌನೀ, ಗೋಣಿಚೀಲ ನೆನೆಸಿ ಸೊಪ್ಪಿನ ಮೇಲೆ ಮುಚ್ಚೇ! ಬಾಡ್ಹೋಗುತ್ತೆ," ಅಮ್ಮ ಒಳಗಿನಿಂದ ಕೂಗಿದಳು.

"ಹೂಂ, ಮುಚ್ತೀನಿ!"

ಅದೇ ಹೊತ್ತಿಗೆ ಗೌಸ್ ಪೀರ್ ಜೀಪಿನ ಕೆಳಗಿನಿಂದ ಹೊರಗೆ ಬಂದು, "ಈಗ ಹೆಡ್ ಬಿಚ್ತೀನಿ, ಒಳಗೆ ಹೆಂಗಿದೆ ನೋಡಣ," ಅಂದರು. ಇಂಜಿನ್ನಿನ ಒಳಗೆ! ಇದನ್ನು ತಪ್ಪಿಸಿಕೊಳ್ಳುವುದುಂಟೇ? ಗೋಣಿಚೀಲ ಇದ್ದದ್ದು ತೋಟದ ತೊಟ್ಟಿಯ ಹತ್ತಿರ. ಹೋಗಿ, ನೆನೆಸಿ, ಹೊತ್ತು ತರುವಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು.

ಜೀಪಿನ ಜೊತೆಗೇ ಬಂದಿದ್ದ, ಅದರ ಮೇಲೆ ಹೊದಿಸುವ ಹಳೇ ಟಾರ್ಪಾಲನ್ನು ಅಪ್ಪ ಆಗಷ್ಟೇ ಬಿಚ್ಚಿ, ಪೈಪಿನಲ್ಲಿ ನೀರು ಹೊಡೆದು ಪಕ್ಕಕ್ಕೆ ಹಾಕಿದ್ದ. ಅದು ಒದ್ದೆಯಾಗಿತ್ತು. ದೊಡ್ಡದಾಗಿತ್ತು. ಹತ್ತಿರವೂ ಇತ್ತು. ಮೌನಿಕಾ ಅದನ್ನೇ ದರದರ ಎಳೆದುಕೊಂಡು ಹೋಗಿ ಸೊಪ್ಪಿನ ರಾಶಿಯ ಮೇಲೆ ಹೊದಿಸಿದಳು. ಒಂದೇ ಓಟಕ್ಕೆ ವಾಪಸ್ ಬಂದಳು.

ಇಂಜಿನ್ನಿನ ಒಳಗಡೆ ಕಪ್ಪು ಮಸಿ, ಅದರ ಅಡಿಯಲ್ಲಿ ಬೆಳ್ಳಗೆ ಹೊಳೆಯುವ ನಾಲ್ಕು ದುಂಡನೆಯ ಗುಂಡಿಗಳು. "ಒಳಗೆ ಏನೂ ಹಾಳಾಗಿಲ್ಲ," ಅಂದರು ಗೌಸ್ ಪೀರ್. ಅಪ್ಪ ಅವಳ ಭುಜ ಹಿಡಿದು ಕುಲುಕಿದ. "ಕೇಳಿದ್ಯಾ? ಮೊದಲ್ನೇ ರೌಂಡು ನಿಂಗೇ ಕಣೇ!"

ಸಂಜೆ ಅಜ್ಜಿ ಬರುವುದರೊಳಗೆ ಮೌನಿಕಾ ಟಾರ್ಪಾಲನ್ನು ಎಳೆದು ಜೀಪಿನ ಹತ್ತಿರವೇ ಹಾಕಿಬಿಟ್ಟಳು. ಜೀಪಿನ ಸಾಮಾನು ಸೊಪ್ಪಿಗೆ ಮುಟ್ಟಿತು ಅಂತ ಗೊತ್ತಾದರೆ ಅಜ್ಜಿ ಬೈಯುತ್ತಾಳೆ. ಅಷ್ಟಕ್ಕೇ ಹೆದರಿದ್ದಳು, ಬೇರೇನೂ ಅವಳ ತಲೆಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಅವಳಿಗೆ ಎಚ್ಚರವಾದದ್ದು ಅಜ್ಜಿಯ ಕೂಗಿಗೆ.

ಹುಳುಮನೆಯ ಬಾಗಿಲಲ್ಲಿ ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಿಂತಿದ್ದಳು. ಒಳಗೆ ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ಕೆಲವು ಆಗಲೇ ಮುರುಟಿಕೊಂಡು ಬಿದ್ದಿದ್ದವು. ಅಜ್ಜಿ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು, "ಏಳಮ್ಮಾ, ಏಳು," ಅನ್ನುತ್ತಿದ್ದಳು. ಅದು ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದೂ ಉಳಿಯಲಿಲ್ಲ.

"ಸೊಪ್ಪಿಗೆ ವಿಷ ಬಿದ್ದಿದೆ," ಅಂದಳು ಅಜ್ಜಿ. ಅವಳ ಕಣ್ಣು ತೋಟದ ಆಚೆ ಕಡೆಗೆ ಹೋಯಿತು. ಅಲ್ಲಿ ಭಾನುಪ್ರಕಾಶ್ ಮಾವನ ಟೊಮೆಟೊ ಹೊಲ.

ಭಾನುಪ್ರಕಾಶ್ ಮಾವ ಗುರುವಾರ ಗಿಡಕ್ಕೆ ಔಷಧಿ ಹೊಡೆದಿದ್ದರು. ಹೊಡೆಯುವ ಮುಂಚೆ ಎಂದಿನಂತೆ ಬಂದು, "ದೊಡ್ಡಮ್ಮಾ, ಗಾಳಿ ಆ ಕಡೆಗಿದೆ, ಹೊಡೀಲಾ?" ಅಂತ ಕೇಳಿಯೂ ಇದ್ದರು. ಅಜ್ಜಿಯೇ ಹೂಂ ಅಂದಿದ್ದಳು. ಆದರೆ ಈಗ ಅದೆಲ್ಲ ಅವಳಿಗೆ ಬೇಕಾಗಿರಲಿಲ್ಲ. ಸೀದಾ ಅವರ ಮನೆಯ ಮುಂದೆ ಹೋಗಿ ನಿಂತಳು.

"ಲೋ ಭಾನೂ! ಗಾಳಿ ತಿರುಗಿದ್ಮೇಲೂ ಹೊಡೆದಿದೀಯ ನೀನು. ನನ್ನ ಮಕ್ಕಳಂಗೆ ಸಾಕಿದ್ದೆ ಕಣೋ! ನಿನ್ನ ಬೆಳೆ ಹಾಳಾಗ್ಹೋಗ!" ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅವರ ಬಾಗಿಲಿಗೆ ತೂರಿದಳು.

ಬೀದಿಯೆಲ್ಲ ನೋಡುತ್ತಿತ್ತು. ಬಾಗಿಲಲ್ಲಿ ಭಾನುಪ್ರಕಾಶ್ ಮಾವ. ಅವರ ಹಿಂದೆ ಅವರ ಮಗಳು ಮಾಲಾ, ಆಗಷ್ಟೇ ಸ್ಕೂಲಿನಿಂದ ಬಂದು ಇನ್ನೂ ಬ್ಯಾಗು ಹಾಕಿಕೊಂಡೇ. ಐದನೇ ಕ್ಲಾಸಿನಲ್ಲಿ ಮೌನಿಕಾಳ ಪಕ್ಕದಲ್ಲಿ ಕೂರುವ ಮಾಲಾ. ಮಣ್ಣು ಅವಳ ಬಿಳಿ ಸಾಕ್ಸಿನ ಮೇಲೂ ಬಿತ್ತು.

"ನಾನು ಹೊಡೆದಿಲ್ಲ ದೊಡ್ಡಮ್ಮಾ. ಗುರುವಾರ ಬಿಟ್ರೆ ಮತ್ತೆ ಕ್ಯಾನೇ ಮುಟ್ಟಿಲ್ಲ," ಅಂದರು ಮಾವ.

ಯಾರೂ ಅವರನ್ನು ನಂಬಲಿಲ್ಲ. ಎರಡು ದಿನ ಕಳೆದ ಮೇಲೆ ಅರಳಿಕಟ್ಟೆಯ ಹತ್ತಿರ ನಾಲ್ಕು ಜನ ಸೇರಿದಾಗ ಮಾವ ಒಂದೇ ಮಾತು ಹೇಳಿದರು. "ಹುಳು ಸಾಯಿಸಿದ ಕೈ ಅನ್ನಿಸ್ಕೊಳ್ಳೋದು ನಂಗೆ ಬೇಡ. ಈ ಬೆಳೆ ಮುಗಿಯೋವರ್ಗೂ ಒಂದು ತೊಟ್ಟು ಔಷಧೀನೂ ಹೊಡಿಯಲ್ಲ." ಹೇಳಿ, ಎದ್ದು ಹೋದರು.

ಕ್ಲಾಸಿನಲ್ಲಿ ಮಾಲಾ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಮೌನಿಕಾಳಿಗೆ ಸಿಟ್ಟೇ ಬಂತು. ಅವರಪ್ಪ ಮಾಡಿದ ತಪ್ಪಿಗೆ ಇವಳಿಗೇಕೆ ಇಷ್ಟು ಜಂಬ?

ಮುಂದಿನ ಭಾನುವಾರ ಗೌಸ್ ಪೀರ್ ಮತ್ತೆ ಬಂದರು. ಮದ್ರಾಸಿನ ಕಡೆ ಸೈಕ್ಲೋನ್ ಅಂತೆ. ಎರಡು ದಿನದಿಂದ ಇಲ್ಲೂ ಮೋಡ ಮುಚ್ಚಿಕೊಂಡು ಸೋನೆ ಹಿಡಿದಿತ್ತು. ಅಪ್ಪ ಮತ್ತು ಗೌಸ್ ಪೀರ್ ಹೆಚ್ಚು ಮಾತಿಲ್ಲದೆ ಕೆಲಸ ಮಾಡುತ್ತಿದ್ದರು. ಮೌನಿಕಾ ಎಮೆರಿ ಪೇಪರಿನಿಂದ ಬಂಪರಿನ ತುಕ್ಕು ಉಜ್ಜುತ್ತಿದ್ದಳು.

"ಈ ಟಾರ್ಪಾಲಿಗೆ ಹೊಲಿಗೆ ಹಾಕ್ಸಿದ್ರೆ ನಡೆಯುತ್ತಾ ಗೌಸ್ ಭಾಯ್?" ಅಪ್ಪ ಕೇಳಿದ.

ಗೌಸ್ ಪೀರ್ ಅದನ್ನು ಬಿಡಿಸಿ ನೋಡಿದರು. ಮೂಸಿ ನೋಡಿ ಮುಖ ಹಿಂದಕ್ಕೆ ತೆಗೆದರು.

"ತೋಬಾ! ಇದನ್ನ ಕೈಲಿ ಮುಟ್ಬೇಡ ಸುನೀಲ್. ನೋಡಿಲ್ಲಿ, ಬೆಳ್ಳಗೆ ಕಲೆ. ಜೀಪು ಕೊಟ್ಟ ತೋಟದವರು ಟಮಾಟೆ ಔಷಧಿ ಡಬ್ಬಗಳನ್ನ ಇದ್ರಲ್ಲೇ ಸುತ್ತಿ ಇಟ್ಟಿದ್ದಾರೆ. ಒಂದಲ್ಲ, ಎಷ್ಟೋ ವರ್ಷ ಇಟ್ಟಿದ್ದಾರೆ. ಒದ್ದೆ ಆದ್ರೆ ಎಲ್ಲಾ ಬಿಡ್ತದೆ. ಮಳೆ ಬಂದ್ರೆ ನಿನ್ ತಲೆ ಮೇಲೇ ವಿಷ ಸುರೀತದೆ."

ಮೌನಿಕಾಳ ಕೈ ನಿಂತುಹೋಯಿತು.

ಒದ್ದೆ ಆದರೆ ಎಲ್ಲಾ ಬಿಡುತ್ತದೆ. ಸೊಪ್ಪಿನ ರಾಶಿ, ಅದರ ಮೇಲೆ ಟಾರ್ಪಾಲು, ಸಂಜೆ ಅದೇ ಸೊಪ್ಪನ್ನು ತಟ್ಟೆ ತಟ್ಟೆಗೂ ಉದುರಿಸುತ್ತಿದ್ದ ಅಜ್ಜಿ.

ಗೌಸ್ ಪೀರ್ ಬೈಕ್ ಹತ್ತಿ ಹೋಗುವವರೆಗೂ ಅವಳು ತಡೆದುಕೊಂಡಳು. ಆಮೇಲೆ ಅಪ್ಪನ ಶರ್ಟಿನ ತುದಿ ಹಿಡಿದು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಬಿಕ್ಕಿಬಿಕ್ಕಿ ಅತ್ತಳು.

ಅಪ್ಪ ಜೀಪಿನ ಬಂಪರಿನ ಮೇಲೆ ಕೂತುಬಿಟ್ಟ. ಹುಳುಮನೆಯ ಕಡೆ ನೋಡಿದ. ಜೀಪನ್ನು ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಅಜ್ಜಿಗೆ ಹೇಳಣ್ವಾ ಅಪ್ಪಾ?"

"ಈಗ ಬೇಡ." ಅಪ್ಪನ ದನಿ ಬಹಳ ಸಣ್ಣದಾಗಿತ್ತು. "ಈಗ ಹೇಳಿದ್ರೆ ನಾಳೇನೇ ಜೀಪು ಆಚೆ ಹೋಗುತ್ತೆ. ಹುಳು ಹೆಂಗೂ ಹೋಯ್ತು, ವಾಪಸ್ ಬರಲ್ಲ. ಅಜ್ಜಿ ಕೋಪ ಇಳೀಲಿ. ಆಮೇಲೆ ನಾನೇ ಹೇಳ್ತೀನಿ."

"ಭಾನು ಮಾವ?"

ಅಪ್ಪ ಎದ್ದು ಹೋಗಿ ಕೈ ತೊಳೆದುಕೊಳ್ಳತೊಡಗಿದ. ಸೋಪು ಹಾಕಿ, ಮತ್ತೆ ಸೋಪು ಹಾಕಿ ತೊಳೆದುಕೊಂಡ.

ಮಾರನೆಯ ದಿನ ಟಾರ್ಪಾಲು ಅಲ್ಲಿರಲಿಲ್ಲ. ಎಲ್ಲಿ ಹಾಕಿದೆ ಅಂತ ಅವಳು ಕೇಳಲಿಲ್ಲ.

ಆ ವಾರ ಹೇಗೆ ಕಳೆಯಿತೋ! ಊಟಕ್ಕೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಅಜ್ಜಿ ಹಣೆ ಮುಟ್ಟಿ ನೋಡಿ, "ಹುಳು ಹೋದ ಸಂಕಟ ಮಗೂಗೂ ತಗುಲಿದೆ," ಅಂತ ಅಮ್ಮನ ಹತ್ತಿರ ಹೇಳಿದಳು. ಅದನ್ನು ಕೇಳಿ ಮೌನಿಕಾಳಿಗೆ ಇನ್ನೂ ಸಂಕಟವಾಯಿತು. ಪ್ರತಿ ಸಂಜೆ ಅಪ್ಪ ಬಂದ ಕೂಡಲೇ ಅವನ ಮುಖ ನೋಡುತ್ತಿದ್ದಳು. ಇವತ್ತು ಹೇಳುತ್ತಾನೆ, ಇವತ್ತು ಹೇಳುತ್ತಾನೆ. ಅಪ್ಪ ಚಹಾ ಕುಡಿದು ನೇರ ಜೀಪಿನ ಹತ್ತಿರ ಹೋಗುತ್ತಿದ್ದ.

ಸ್ಕೂಲಿನಲ್ಲಿ ಹಿಂದಿನ ಬೆಂಚಿನ ಕಡೆ ತಿರುಗುವುದಕ್ಕೂ ಆಗುತ್ತಿರಲಿಲ್ಲ. ಬುಧವಾರ, ಗುರುವಾರ ಮಾಲಾ ಬರಲೇ ಇಲ್ಲ.

"ಯಾಕ್ ಬಂದಿಲ್ಲ ಮಾಲಾ?" ಮೇಷ್ಟ್ರು ಕೇಳಿದರು.

"ಅವರ ಹೊಲಕ್ಕೆ ಅಂಗಮಾರಿ ಬಿದ್ದಿದೆ ಸಾರ್. ಎಲೆ ಕೀಳ್ತಿದ್ದಾರೆ," ಯಾರೋ ಹೇಳಿದರು.

ಹೀಗೆ ಸೋನೆ ಹಿಡಿದರೆ ಟೊಮೆಟೊಗೆ ಅಂಗಮಾರಿ ರೋಗ ಬರುತ್ತದೆ ಅಂತ ಆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎಲೆ ಮೇಲೆ ಕಪ್ಪು ಮಚ್ಚೆ ಕಂಡ ದಿನವೇ ಔಷಧಿ ಹೊಡೆದುಬಿಡಬೇಕು. ಭಾನುಪ್ರಕಾಶ್ ಮಾವ ಹೊಡೆಯಲಿಲ್ಲ. ಕೊಟ್ಟ ಮಾತು.

ಮೂರನೆಯ ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಜೀಪು ಸ್ಟಾರ್ಟ್ ಆಯಿತು.

ಮೊದಲು ಕೆಮ್ಮಿತು. ಆಮೇಲೆ ಅಂಗಳ ತುಂಬ ಕಪ್ಪು ಹೊಗೆ ಬಿಟ್ಟಿತು. ಆಮೇಲೆ ಗಡಗಡ ಅಂತ ಒಂದೇ ಸಮ ಓಡತೊಡಗಿತು. ಬೀದಿಯ ಮಕ್ಕಳೆಲ್ಲ ಹೋ ಅಂತ ಕೂಗಿದರು. ಗೌಸ್ ಪೀರ್ ಆಕಾಶದ ಕಡೆ ಕೈ ಎತ್ತಿದರು. ಅಪ್ಪನ ಕಣ್ಣಲ್ಲಿ ನೀರು.

"ಮೌನೀ! ಬಾ, ಹತ್ತು! ಮೊದಲ್ನೇ ರೌಂಡು!"

ಅವಳು ಹತ್ತಿದಳು. ಎಷ್ಟು ದಿನದಿಂದ ಕಾದಿದ್ದ ಸೀಟು. ಮೇಲೆ ಹೊದಿಕೆಯಿಲ್ಲ, ಮುಖಕ್ಕೆ ತಣ್ಣನೆ ಗಾಳಿ. ಜೀಪು ಗಲಗಲ ಅಲ್ಲಾಡುತ್ತಾ ತೋಟದ ಮಣ್ಣುದಾರಿಗೆ ಇಳಿಯಿತು. ಅಪ್ಪ ಗೇರ್ ಹಾಕಿ ಕೆಸರಿನ ಗುಂಡಿಯಿಂದ ಅದನ್ನು ಸಲೀಸಾಗಿ ಮೇಲಕ್ಕೆತ್ತಿದ. "ನೋಡ್ದ್ಯಾ! ಹೆಂಗೆ ಹತ್ತಿತು ನೋಡ್ದ್ಯಾ!" ಅಂತ ಕೂಗಿದ. ಮೌನಿಕಾ ನಗುವುದಕ್ಕೆ ನೋಡಿದಳು. ನಗು ಬರಲಿಲ್ಲ.

ದಾರಿ ತಿರುಗಿದ ಕೂಡಲೇ ಎಡಗಡೆ ಭಾನುಪ್ರಕಾಶ್ ಮಾವನ ಹೊಲ ಬಂತು.

ಹಸಿರೇ ಇರಲಿಲ್ಲ. ಸಾಲು ಸಾಲು ಗಿಡಗಳು ಬೆಂಕಿ ತಗುಲಿದ ಹಾಗೆ ಕಪ್ಪಾಗಿದ್ದವು. ಕಾಯಿಗಳ ಮೇಲೆಲ್ಲ ಕಂದು ಕಲೆ. ಮಧ್ಯದಲ್ಲಿ ಮಾವ ಮತ್ತು ಮಾಲಾ ಬಗ್ಗಿ ಎಲೆ ಕೀಳುತ್ತಿದ್ದರು, ಕಿತ್ತದ್ದನ್ನು ಬುಟ್ಟಿಗೆ ತುಂಬುತ್ತಿದ್ದರು. ಜೀಪಿನ ಸದ್ದಿಗೆ ಮಾಲಾ ತಲೆ ಎತ್ತಿದಳು. ಜೀಪನ್ನು ನೋಡಿದಳು, ಮೇಲೆ ಕೂತಿದ್ದ ಮೌನಿಕಾಳನ್ನು ನೋಡಿದಳು. ಮತ್ತೆ ಬಗ್ಗಿದಳು.

"ಅಪ್ಪಾ, ನಿಲ್ಸು."

"ಈಗ ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ..."

"ನಿಲ್ಸಪ್ಪಾ!"

ಅಪ್ಪ ಬ್ರೇಕ್ ಒತ್ತಿದ. ಜೀಪು ಒಂದು ಸಲ ಜಗ್ಗಿ ಆಫ್ ಆಯಿತು. ಅವಳು ಇಳಿದು ಮನೆಯ ಕಡೆ ಓಡಿದಳು. ಅಪ್ಪ ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದ.

ಅಜ್ಜಿ ತೊಟ್ಟಿಯ ಹತ್ತಿರ ಖಾಲಿ ತಟ್ಟೆಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಿದ್ದಳು.

"ಅಜ್ಜೀ, ಹುಳು ಸತ್ತಿದ್ದು ಭಾನು ಮಾವನಿಂದ ಅಲ್ಲ. ನನ್ನಿಂದ." ಒಂದೇ ಉಸಿರಿಗೆ ಹೇಳಿದಳು. ಗೋಣಿಚೀಲ ತರದೇ ಹೋದದ್ದು, ಟಾರ್ಪಾಲು ಹೊದಿಸಿದ್ದು, ಯಾರಿಗೂ ಕಾಣದಂತೆ ತೆಗೆದದ್ದು, ಗೌಸ್ ಪೀರ್ ಹೇಳಿದ್ದು.

ಅಜ್ಜಿಯ ಕೈ ತಟ್ಟೆಯ ಮೇಲೆ ನಿಂತಿತು. ಮೌನಿಕಾ ಕಣ್ಣು ಮುಚ್ಚಿಕೊಂಡಳು. ಏಟು ಬೀಳುತ್ತದೆ ಅಂದುಕೊಂಡಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಹೋದ ಭಾನುವಾರ."

"ನಿಮ್ಮಪ್ಪಂಗೆ?"

ಮೌನಿಕಾ ಜೀಪು ನಿಂತ ದಾರಿಯ ಕಡೆ ತಿರುಗಿ ನೋಡಿದಳು. ಅಜ್ಜಿಗೆ ಅಷ್ಟು ಸಾಕಾಯಿತು. ತನ್ನ ಕೈಗಳನ್ನು ನೋಡಿಕೊಂಡಳು. ಬಲಗೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಈ ಕೈಯಲ್ಲೇ ಮಣ್ಣು ತೂರ್ದೆನಲ್ಲೇ," ಅಂದಳು. "ನಡಿ."

ಇಬ್ಬರೂ ಹೊಲದ ಬದುವಿನ ಮೇಲೆ ಹೋಗಿ ನಿಂತರು. ದಾರಿಯಲ್ಲಿ ಜೀಪಿನಿಂದ ಇಳಿದ ಅಪ್ಪ ತಲೆ ತಗ್ಗಿಸಿಕೊಂಡು ಹಿಂದೆಯೇ ಬಂದ. ಅಜ್ಜಿ ಅವನ ಮುಖ ನೋಡಲಿಲ್ಲ.

"ಭಾನೂ..." ಅಷ್ಟೇ ಹೇಳಿ ಅಜ್ಜಿ ನಿಂತಳು. "ತಪ್ಪು ನಮ್ಮದು ಕಣಪ್ಪಾ. ಜೀಪಿನ ಟಾರ್ಪಾಲು ಸೊಪ್ಪಿನ ಮೇಲೆ ಹೊದಿಸಿದ್ರು, ಅದ್ರಲ್ಲಿ ವಿಷ ಇತ್ತು. ಇವ್ರಿಗೆ ಒಂದು ವಾರದಿಂದ ಗೊತ್ತಿತ್ತಂತೆ. ನೀನು ಔಷಧಿ ಹೊಡಿಯಪ್ಪಾ. ಇವತ್ತೇ ಹೊಡಿ."

ಭಾನುಪ್ರಕಾಶ್ ಮಾವ ನೆಟ್ಟಗೆ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡರು. ಕೋಪ ಮಾಡಿಕೊಳ್ಳುವುದಕ್ಕೂ ಅವರಿಗೆ ಶಕ್ತಿ ಇದ್ದ ಹಾಗೆ ಕಾಣಲಿಲ್ಲ.

"ಇನ್ನು ಹೊಡೆದ್ರೂ ಅಷ್ಟೆ ದೊಡ್ಡಮ್ಮಾ," ಅಂದರು. "ಆಯ್ತು ಬಿಡಿ. ಹೇಳಿದ್ರಲ್ಲ."

ಅಜ್ಜಿ ಬದುವಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಪ್ಯಾಂಟು ಮಡಿಸಿಕೊಂಡು ಹೊಲಕ್ಕೆ ಇಳಿದ. ಮಾವನ ಆಚೆ ಸಾಲಿನಲ್ಲಿ ನಿಂತು ಎಲೆ ಕೀಳತೊಡಗಿದ. ಮಾವ ಮತ್ತೆ ತಮ್ಮ ಸಾಲಿಗೆ ಬಗ್ಗಿದರು.

ಮೌನಿಕಾ ಮಾಲಾಳ ಪಕ್ಕದ ಸಾಲಿಗೆ ಹೋದಳು. ಎಲೆ ಮುಟ್ಟಿದರೆ ಕೈಗೆ ಕಪ್ಪು ಅಂಟುತ್ತಿತ್ತು. ನಾಲ್ಕು ಗಿಡ ಮುಗಿದವು.

"ಒಂದ್ ವಾರದಿಂದ ಗೊತ್ತಿತ್ತಾ ನಿಂಗೆ?" ಮಾಲಾ ತಲೆ ಎತ್ತದೆ ಕೇಳಿದಳು.

"ಹೂಂ."

"ಒಂದ್ ವಾರ ಮುಂಚೆ ನಾಲ್ಕೇ ಗಿಡಕ್ಕೆ ಇತ್ತು. ಆ ಮೂಲೇಲಿ."

ಮೌನಿಕಾಳ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು.

"ಯಾಕ್ ಹೇಳ್ಲಿಲ್ಲ?"

"ಅಜ್ಜಿ ಜೀಪನ್ನ ಆಚೆ ಕಳಿಸ್ಬಿಡ್ತಾಳೆ ಅಂತ... ಭಯ ಆಯ್ತು."

ಮಾಲಾ ಸೊಂಟ ನೆಟ್ಟಗೆ ಮಾಡಿ ದಾರಿಯ ಕಡೆ ನೋಡಿದಳು. ಸೋನೆಯಲ್ಲಿ ನೆನೆಯುತ್ತಾ ಜೀಪು ನಿಂತಿತ್ತು.

"ಎಲ್ಲೂ ಹೋಗಿಲ್ವಲ್ಲ," ಅಂದಳು. "ಅಲ್ಲೇ ಇದೆ."

ಮೌನಿಕಾಳೂ ತಿರುಗಿ ನೋಡಿದಳು. ಹೌದು, ಅಲ್ಲೇ ಇತ್ತು. ಬಿಟ್ಟ ಜಾಗದಲ್ಲೇ ಇತ್ತು. ಅವಳಿಗೆ ಅದನ್ನು ಹೆಚ್ಚು ಹೊತ್ತು ನೋಡುವುದಕ್ಕೆ ಆಗಲಿಲ್ಲ.

ಮಾಲಾ ಆಗಲೇ ಮುಂದಿನ ಗಿಡಕ್ಕೆ ಹೋಗಿದ್ದಳು. ಮೌನಿಕಾ ಬುಟ್ಟಿಯನ್ನು ಅವಳ ಕೈಗೆ ಎಟುಕುವ ಹಾಗೆ ಸರಿಸಿ, ತನ್ನ ಸಾಲಿನ ಗಿಡಕ್ಕೆ ಬಗ್ಗಿದಳು.